ಬರಾತಿನ ಕಾರು

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಬಾಗಿಲಿನ ಹಳೆಯ ಕಾರನ್ನು ಶಹಾಬಾದಿನ ನನ್ನ ಮನೆಯಂಗಳದಲ್ಲಿ ನಾನೇ ರಿಪೇರಿ ಮಾಡಿದೆ. ಗ್ಯಾರೇಜಿನ ಮಿಸ್ತ್ರಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಪಕ್ಕದ ಮನೆಯ ಖಾಜಾಮಿಯಾ ತಮ್ಮ ಮಗನ ಬರಾತಿಗೆ, ಅಂದರೆ ಮದುವೆಯ ಮೆರವಣಿಗೆಗೆ, ಅದನ್ನು ಕೇಳಿದಾಗ ಧೈರ್ಯವಾಗಿ ಒಪ್ಪಿದೆ. ಮುಖದ ಮೇಲೆ ಹೂವಿನ ಸೆಹರಾ ಕಟ್ಟಿಕೊಂಡ ಮದುಮಗ ಹತ್ತಿ ಕೂತ ಮೇಲೆ ಇಂಜಿನ್ ಕೆಮ್ಮಿ ಸುಮ್ಮನಾಯಿತು.

"ಒಂದು ತಾಸು ಕೊಡ್ರಿ," ಎಂದೆ.

"ಇಂಜಿನ್ ಯಾಕ ಬೇಕ್ರಿ ಸಾಹೇಬ್ರ?" ಎಂದರು ಖಾಜಾಮಿಯಾ. "ಬಾಜಾದವರು ಮುಂದ ನಡಕೋತ ಹೋಗ್ತಾರ. ಗಾಡಿ ಓಡಿದ್ರ ಅವರ ಮೈಮ್ಯಾಲ ಹೋಗ್ತದ. ನೀವು ಸ್ಟೇರಿಂಗ್ ಹಿಡೀರಿ, ನಮ್ಮ ಮಂದಿ ನೂಕ್ತಾರ."

ಬಾಜಾ ಶುರುವಾಯಿತು, ಕಾರು ಹೊರಟಿತು. ಆ ಗದ್ದಲದಲ್ಲಿ ನೂಕುವವರು ಯಾರು, ಕುಣಿಯುವವರು ಯಾರು ಎಂದು ತಿಳಿಯುತ್ತಿರಲಿಲ್ಲ. ಹೆಣ್ಣಿನ ಮನೆಯ ಮುಂದೆ ಬೀಗರು ಬಾನೆಟ್ ತಟ್ಟಿ, "ಏನ್ ಗಾಡಿರಿ! ಇಷ್ಟು ಹಳೇದಿದ್ರೂ ಆವಾಜೇ ಇಲ್ಲ," ಎಂದರು.

ನನ್ನ ರಿಪೇರಿಗೆ ಬಂದ ಒಂದೇ ಹೊಗಳಿಕೆ ಅದು. ತಿದ್ದಲು ಹೋಗಲಿಲ್ಲ.