ಪತ್ತೇದಾರಿ ಸೀರಿಯಲ್ಲಿನ ಹಸು

ಇವತ್ತು ಹಾಸ್ಟೆಲ್ ರೂಮಿನಲ್ಲಿ ನಾವೆಲ್ಲ ಲ್ಯಾಪ್‌ಟಾಪಿಗೆ ಮುಗಿಬಿದ್ದು ಹೊಸ ಕ್ರೈಮ್ ಸೀರೀಸ್ ನೋಡುತ್ತಿದ್ದೆವು. ಹಸಿರು ಬೆಟ್ಟ, ಕೆರೆ, ದಂಡೆಯ ಮೇಲೆ ಒಬ್ಬ ರೈತನ ಹೆಣ. ಹಿಂದೆ ಗೂಟಕ್ಕೆ ಕಟ್ಟಿದ ಹಸು.

ನಮ್ಮೂರು ಸಾಸಲಿನ ಮನೆಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಲೇ ಇಂಥ ಸೀರಿಯಲ್ ನೋಡುತ್ತಿದ್ದಳು. ಸ್ಕೂಲ್ ಹಾಸ್ಟೆಲಿನಿಂದ ರಜಕ್ಕೆ ಹೋದಾಗ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ಕೈಯೆಲ್ಲ ಅವರೆಯ ಸೊಗಡು. ಒಂದು ಸಲ ಸೀರಿಯಲ್ಲಿನಲ್ಲಿ ಹಸು ಸಾಕಿದ್ದವನೊಬ್ಬನ ಕೊಲೆಯಾಗಿತ್ತು. ಕೊಲೆಗಾರ ಯಾರೋ ಎಂದು ನಾನು ಟೆನ್ಶನ್ನಿನಲ್ಲಿ ಉಗುರು ಕಚ್ಚುತ್ತಿದ್ದರೆ ಅವಳ ಚಿಂತೆಯೇ ಬೇರೆ.

“ಅಲ್ಲ ಮಗಾ, ಆವಯ್ಯ ಸತ್ತೋದ. ಅವನ ಹಸೂಗೆ ಈಗ ಯಾರು ಹುಲ್ಲಾಕ್ತಾರೆ?”

“ಅಯ್ಯೋ ಅಜ್ಜಿ, ಅದು ಸ್ಟೋರೀಲೇ ಇಲ್ಲ!”

“ಸ್ಟೋರೀಲಿ ಇಲ್ದಿದ್ರೆ ಅದಕ್ಕೆ ಹಸಿವಾಗಲ್ವಾ?”

ಅಜ್ಜಿ ತೀರಿಕೊಂಡ ದಿನ ನಾನು ಊರಿಗೆ ಬಂದಾಗ ಮನೆ ತುಂಬ ಜನ. ಹಿತ್ತಲಲ್ಲಿ ನಮ್ಮ ಹಸು ಒಂದೇ ಸಮನೆ ಕೂಗುತ್ತಿತ್ತು. ಬೆಳಗಿನಿಂದ ಯಾರೂ ಅದಕ್ಕೆ ಹುಲ್ಲು ಹಾಕಿರಲಿಲ್ಲ. ಅಜ್ಜಿಯ ಮುಖ ನೋಡುವ ಮೊದಲು ಹೋಗಿ ಹುಲ್ಲು ಹಾಕಿದೆ. ಆಮೇಲೆ ಅದರ ಕುತ್ತಿಗೆ ಹಿಡಿದುಕೊಂಡು ಅತ್ತೆ.

“ಲೇ, ಯಾರು ಕಣೇ ಮರ್ಡರ್ ಮಾಡಿರೋದು? ಗೆಸ್ ಮಾಡು,” ಎಂದು ರೂಮ್‌ಮೇಟ್ ತಿವಿದಳು.

ಗೊತ್ತಿಲ್ಲ ಅಂದೆ. ಪೊಲೀಸರು ಹೆಣ ಎತ್ತಿಕೊಂಡು ಹೊರಟರು. ಹಸು ಕಟ್ಟಿದಲ್ಲೇ ನಿಂತಿತ್ತು.