ಕುದಿಯುವ ಕಾರು ಮತ್ತು ಬೆಸುಗೆ ಯಜಮಾನರು

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಕಾದ ತವರ, ಆಸಿಡ್ಡು, ಮರಳು ಸೇರಿ ಸವೆಸಿ ಆ ಬೆರಳು ಹೊಳೆಕಲ್ಲಿನ ಹಾಗೆ ನುಣ್ಣಗಾಗಿತ್ತು. ಉಗುರು ಅರ್ಧಕ್ಕೇ ನಿಂತಿತ್ತು. ತಾಲ್ಲೂಕು ಕಚೇರಿಯಲ್ಲಿ ಒಮ್ಮೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, ಕಾಗದದ ಮೇಲೆ ಬರೀ ನೀಲಿ ಮಚ್ಚೆ ಮೂಡಿದ್ದನ್ನು ನೋಡಿ, "ಇದೇನ್ರೀ, ಬೆರಳೋ ಬದನೆಕಾಯೋ?" ಎಂದು ರೇಗಿದನಂತೆ. ಇವರು ತಣ್ಣಗೆ, "ಬೆರಳು ಸವೆದೈತೆ ಸ್ವಾಮಿ, ಜಮೀನು ಸವೆದಿಲ್ಲ. ಖಾತೆ ಬರ್ಕಳಿ" ಎಂದರಂತೆ. ಈ ಕಥೆಯನ್ನು ಅವರೇ ನನಗೆ ಮೂರು ಸಲ ಹೇಳಿದ್ದರು. ಮೂರು ಸಲವೂ ಗುಮಾಸ್ತನ ದನಿ ಬೇರೆ ಬೇರೆ ಇತ್ತು.

ಕಡೂರಿನ ಬಿ.ಎಚ್. ರಸ್ತೆಯ ಪಕ್ಕದಲ್ಲಿ, ಒಂದು ಹೊಂಗೆಮರದ ಕೆಳಗೆ ಅವರ ತಗಡಿನ ಶೆಡ್ಡು. ವಯಸ್ಸಿನಲ್ಲಿದ್ದಾಗ ಸಿಂಗಟಗೆರೆ, ಯಗಟಿ ಕಡೆಯ ಊರೂರು ತಿರುಗಿ ಸೋರುವ ಬಿಂದಿಗೆ, ಕೊಳದಪ್ಪಲೆಗಳಿಗೆ ಬೆಸುಗೆ ಹಾಕುತ್ತಿದ್ದವರು. ರಸ್ತೆಯಲ್ಲಿ ಲಾರಿ ಬಸ್ಸುಗಳು ಹೆಚ್ಚಿದ ಮೇಲೆ ರೇಡಿಯೇಟರ್ ರಿಪೇರಿಗೆ ಇಳಿದರು. ಇಂಜಿನ್ನಿನಲ್ಲಿ ಕಾದ ನೀರನ್ನು ತಣಿಸುವುದಕ್ಕೆ ಗಾಡಿಯ ಮೂತಿಯ ಹಿಂದೆ ನಿಲ್ಲಿಸಿರುತ್ತಾರಲ್ಲ, ಸಣ್ಣ ಸಣ್ಣ ಕೊಳವೆಗಳ ಆ ಜಾಲರಿ, ಅದು. "ಬಿಂದಿಗೇನೂ ನೀರಿನ ಪಾತ್ರೆ, ಇದೂ ನೀರಿನ ಪಾತ್ರೆ. ಅದು ಹೆಂಗಸ್ರ ಸೊಂಟದ ಮ್ಯಾಲೆ ಹೋಗ್ತದೆ, ಇದು ಗಾಡಿ ಮುಂದೆ ಹೋಗ್ತದೆ. ನಂಗೇನು ವ್ಯತ್ಯಾಸ?" ಎನ್ನುತ್ತಿದ್ದರು. ಬೀರೂರಿನಿಂದ ತರೀಕೆರೆವರೆಗಿನ ಡ್ರೈವರುಗಳೆಲ್ಲ ಅವರನ್ನು ಬೆಸುಗೆ ಯಜಮಾನ್ರು ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಶೆಡ್ಡಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ತವರ ಕರಗಿ ಹರಿಯುವಾಗ ಯಾರೂ ಬಾಯಿ ಬಿಡಕೂಡದು. ಎಂಥ ದೊಡ್ಡ ಲಾರಿ ಮಾಲೀಕನಾದರೂ ಸರಿ, ಅವರು ಕೈ ಎತ್ತಿದರೆ ಸುಮ್ಮನಾಗಬೇಕು. "ಮಾತಾಡಬ್ಯಾಡ್ರಪ್ಪಾ, ತವರ ನಾಲಿಗೆಗೂ ಅಂಟ್ಕತದೆ." ಆಮೇಲೆ ರೇಡಿಯೇಟರಿನ ಬಾಯಿಗಳನ್ನು ಬಿರಡೆಯಿಂದ ಮುಚ್ಚಿ, ದನಗಳು ನೀರು ಕುಡಿಯುವ ಕಲ್ಲುಬಾನಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಗುಳ್ಳೆ ಏಳುತ್ತದೆಯೋ ನೋಡುವರು. ಎಷ್ಟೋ ಸಲ ಆ ಹೊತ್ತಿಗೇ ಪಕ್ಕದ ಮನೆಯ ಎಮ್ಮೆ ಬಂದು ಬಾನಿಗೆ ಮೂತಿ ಇಡುತ್ತಿತ್ತು. ಅವರು ಎಮ್ಮೆಯನ್ನು ಓಡಿಸಿದ್ದನ್ನು ನಾನು ಕಾಣೆ. ಅದು ಕುಡಿದು ಮುಗಿಸುವ ತನಕ ಪಂಪು ಹಿಡಿದು ಕಾಯುತ್ತಿದ್ದರು; ಕಾರು ಬಿಟ್ಟು ಬಂದ ಗಿರಾಕಿಯೂ ಕಾಯಬೇಕು.

ನಾನು ಅಜ್ಜಂಪುರದವನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಊರಿನಲ್ಲಿ ಆಗ ಬಾಡಿಗೆಗೆ ಸಿಗುತ್ತಿದ್ದದ್ದು ನನ್ನ ಕಾರೊಂದೇ. ಮೂರು ಕೈ ದಾಟಿ ಬಂದ ಹಳೆಯ ಗಾಡಿ. ಪೆಟ್ರೋಲು ಕುಡಿಸಲಾರದೆ ಯಾರೋ ಅದರ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸಿದ್ದರು. ಇಂಜಿನ್ ದೊಡ್ಡದಾಯಿತು, ರೇಡಿಯೇಟರ್ ಮಾತ್ರ ಮೊದಲಿನ ಸಣ್ಣದೇ ಉಳಿಯಿತು. ಹಿಡಿ ಅನ್ನ ಬೇಯಿಸುವ ಒಲೆಯ ಮೇಲೆ ಮದುವೆ ಮನೆ ಹಂಡೆ ಇಟ್ಟ ಹಾಗೆ. ಜೊತೆಗೆ ಅದು ಸೋರುತ್ತಲೂ ಇತ್ತು. ಸೋರಿದಾಗ ನಮ್ಮ ಕಡೆಯ ಡ್ರೈವರುಗಳೆಲ್ಲ ಮಾಡುತ್ತಿದ್ದುದನ್ನೇ ನಾನೂ ಮಾಡಿದೆ: ಮುಚ್ಚಳ ತೆಗೆದು ಅರಿಶಿನದ ಪುಡಿ ಸುರಿದೆ. ಪುಡಿ ತೂತಿಗೆ ಹೋಗಿ ಕೂತು ಸೋರುವುದು ನಿಲ್ಲುತ್ತಿತ್ತು. ಮತ್ತೆ ಸೋರಿದರೆ ಮತ್ತೆ ಅರಿಶಿನ. ಈ ಯುಕ್ತಿಯನ್ನು ನನಗೆ ಹೇಳಿದವನು ಬೀರೂರಿನ ನನ್ನ ಸೋದರಮಾವ. ಲಾರಿ ಡ್ರೈವರ್, ನನಗೆ ಗಾಡಿ ಬಿಡಲು ಕಲಿಸಿದವನೂ ಅವನೇ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ನನ್ನ ಹೆಂಡತಿಗೆ ಮೊದಲ ಹೆರಿಗೆ ನೋವು ಬಂದಾಗ ಅವಳನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ. ಬೇಸಿಗೆಯ ನಡುಮಧ್ಯಾಹ್ನ. ತರೀಕೆರೆಗೆ ಇನ್ನೂ ನಾಲ್ಕು ಮೈಲಿ ಇರುವಾಗ ಕಾರು ಕುದಿಯಿತು. ಮೂತಿಯಿಂದ ಬಿಳಿ ಹಬೆ ಎದ್ದು ಮುಂದಿನ ರಸ್ತೆಯೇ ಕಾಣದ ಹಾಗಾಯಿತು. ಹೊಲದ ಬಾವಿಯಿಂದ ನೀರು ತಂದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಸೀಳುತ್ತದೆ, ಆರುವ ತನಕ ಕಾಯಬೇಕು. ಕಾದೆ. ಬೇರೊಂದು ಗಾಡಿಯೂ ಆ ದಾರಿಯಲ್ಲಿ ಬರಲಿಲ್ಲ. ಮಗು ಹಿಂದಿನ ಸೀಟಿನಲ್ಲೇ ಹುಟ್ಟಿತು, ಅಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಈಗಲೂ ನನ್ನ ಕೈಲಿ ಆಗುವುದಿಲ್ಲ.

ಎರಡು ವರ್ಷದ ಮೇಲೆ ಅವಳು ಮತ್ತೆ ಬಸುರಿಯಾದಳು. ಈ ಸಲ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಎಂದು ನಮ್ಮೂರಿನ ನರ್ಸಮ್ಮ ಖಡಾಖಂಡಿತ ಹೇಳಿದರು. ಹೆಂಡತಿ ನನ್ನ ಮುಖ ನೋಡದೆ ಒಂದೇ ಮಾತು ಅಂದಳು: "ನಾನು ಆ ಕಾರಲ್ಲಿ ಮಾತ್ರ ಕೂರಲ್ಲ ಕಣ್ರೀ." ಬಸ್ಸು ದಿನಕ್ಕೆ ಎರಡೋ ಮೂರೋ, ಹೆರಿಗೆ ನೋವು ಬಸ್ಸಿನ ವೇಳೆ ನೋಡಿಕೊಂಡು ಬರುತ್ತದೆಯೇ? ಮರುದಿನವೇ ನಾನು ರೇಡಿಯೇಟರ್ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಹಾಕಿಕೊಂಡು ಕಡೂರಿಗೆ ಹೋದೆ.

ಯಜಮಾನರು ಸೀಮೆಎಣ್ಣೆಯ ಬ್ಲೋಲ್ಯಾಂಪ್ ಹಚ್ಚಿ, ಅದರ ಉರಿಯಲ್ಲಿ ಬೆಸುಗೆ ಕರಗಿಸಿ, ರೇಡಿಯೇಟರಿನ ಮೇಲಿನ ತೊಟ್ಟಿಯನ್ನು ಬಿಡಿಸಿದರು. ಒಳಗೆ ನೋಡಿ ನಾನೇ ಬೆಚ್ಚಿಬಿದ್ದೆ. ಕೊಳವೆಗಳ ಬಾಯಿಯೇ ಕಾಣುತ್ತಿರಲಿಲ್ಲ. ಹಳದಿ ಕೆಸರು ಮೆತ್ತಿಕೊಂಡು ಗೋಡೆಯಾಗಿತ್ತು. ಅವರು ಕಡ್ಡಿಯಲ್ಲಿ ಕೆದಕಿ ಮೂಸಿದರು.

"ಎಷ್ಟು ಸಲ ಹಾಕಿದ್ದೀಯಪ್ಪಾ ಅರಿಶಿನ?"

"ಲೆಕ್ಕ ಇಟ್ಟಿಲ್ಲ ಯಜಮಾನ್ರೇ. ಎಲ್ಲಾರೂ ಹಾಕ್ತಾರಲ್ಲ! ನಮ್ಮ ಮಾವಂಗೆ ಈ ವಿದ್ಯೆ ಹೇಳ್ಕೊಟ್ಟಿದ್ದೇ ನೀವಂತೆ" ಎಂದು ನಕ್ಕೆ.

ಅವರೂ ನಕ್ಕರು. "ಇದು ಸತ್ತೋಗೈತೆ. ಗಾಡಿಗೆ ದೊಡ್ಡದು ಬೇಕು. ಹೊಸದು ತಗಳಾಕೆ ನಿನ್ ಕೈಲಿ ಆಗಲ್ಲ, ನನ್ ಕೈಲೂ ಆಗಲ್ಲ. ಗುಜರೀಲಿ ನೋಡನ. ಅದೇನು ಅಷ್ಟು ಅವಸರ?"

ನಾನು ಹೇಳಿದೆ. ಮೊದಲ ಮಗುವಿನ ವಿಷಯ, ರಸ್ತೆ, ಬಾವಿ, ಹಬೆ, ಎಲ್ಲ ಹೇಳಿದೆ. ಹೇಳುತ್ತಿರುವಾಗಲೇ ಅವರು ಬ್ಲೋಲ್ಯಾಂಪ್ ಆರಿಸಿದರು. ಆ ಹಳದಿ ಕೆಸರನ್ನೇ ನೋಡುತ್ತ ಕೂತರು. ನಾನು ಆಗಷ್ಟೇ ಒಂದಕ್ಕೊಂದು ಕೂಡಿಸಿ ನೋಡುತ್ತಿದ್ದೆ: ಕಾರು ಕುದಿದದ್ದು ಯಾಕೆ, ಆ ಗೋಡೆ ಕಟ್ಟಿದವರು ಯಾರು. ಗೋಣಿಚೀಲ ಎಳೆದು ಆ ಕೆಸರಿನ ಮೇಲೆ ಮುಚ್ಚಲು ಹೋದೆ. ಆಗ ಅವರೇ ಬಾಯಿಬಿಟ್ಟರು.

"ನಂದೇ ತಪ್ಪು ಕಣಪ್ಪಾ. ಅರಿಶಿನದ ವಿದ್ಯೆ ಊರಿಗೆಲ್ಲ ಹಂಚಿದೋನು ನಾನು. ನಿನ್ನ ಮಗು ನನ್ನಿಂದ ಹೋಯ್ತು."

"ಹೋಗ್ಲಿ ಬಿಡಿ ಯಜಮಾನ್ರೇ" ಎಂದೆ. ನಿಜ ಹೇಳಬೇಕೆಂದರೆ ಒಳಗೊಳಗೆ ಸಿಟ್ಟು ಬಂತು, ಅದರ ಜೊತೆಗೇ ಮನಸ್ಸು ಹಗುರವೂ ಆಯಿತು.

ಒಂದು ವಾರದಲ್ಲಿ ಅವರು ಗುಜರಿಯಿಂದ ಒಂದು ರೇಡಿಯೇಟರ್ ಹುಡುಕಿ ತಂದರು. ಯಾವುದೋ ಮಗುಚಿದ ಲಾರಿಯದ್ದು. ನಾನು ಕಾರಿಗೆ ಹಗ್ಗ ಕಟ್ಟಿ, ಒಂದು ಲಾರಿಯ ಹಿಂದೆ ಎಳೆಸಿಕೊಂಡು ಶೆಡ್ಡಿಗೆ ತಂದೆ. ಹುಣಸೆಹಣ್ಣಿನ ನೀರು ಕುದಿಸಿ ಎರಡು ದಿನ ಅದರೊಳಗೆ ನಿಲ್ಲಿಸಿ, ನಮ್ಮ ಹೆಂಗಸರು ಹಿತ್ತಾಳೆ ಪಾತ್ರೆ ಬೆಳಗುವ ಹಾಗೇ ತೊಳೆದರು. ಆದರೆ ಲಾರಿಯ ಸಾಮಾನು ಕಾರಿನ ಮೂತಿಯಲ್ಲಿ ಎಲ್ಲಿ ಕೂರುತ್ತದೆ? ತಗಡು ಕತ್ತರಿಸಿದರು, ಬ್ಯಾಟರಿಯನ್ನು ಪಕ್ಕಕ್ಕೆ ಸರಿಸಿದರು, ಹಳೆಯ ಕಬ್ಬಿಣದ ಮಂಚದ ಪಟ್ಟಿಯಿಂದ ಕಾಲು ಮಾಡಿ ನಿಲ್ಲಿಸಿದರು. ಅದುರಬಾರದೆಂದು ಅಡಿಗೆ ಸೈಕಲ್ ಟೈರಿನ ತುಂಡು. ಇಂಜಿನ್ನಿನ ಪೈಪು ಸಣ್ಣದು, ರೇಡಿಯೇಟರಿನ ಬಾಯಿ ದೊಡ್ಡದು. "ಮನೇಲಿ ತೂತುಬಿದ್ದ ಚೊಂಬು ಐತೇನೋ?" ಎಂದರು. ತಂದುಕೊಟ್ಟೆ. ಅದರ ಕತ್ತು ಕತ್ತರಿಸಿ, ಒಂದು ಕಡೆ ಬಡಿದು ಕಿರಿದು ಮಾಡಿ, ಎರಡರ ನಡುವೆ ಬೆಸೆದರು. ಹದಿನೈದು ವರ್ಷ ಆ ಕಾರು ಓಡಿಸಿದೆ, ಆ ಚೊಂಬಿನ ಕತ್ತು ಒಂದು ಹನಿ ಸೋರಲಿಲ್ಲ.

ಪರೀಕ್ಷೆಗೆಂದು ನಾಲ್ಕು ಮೂಟೆ ರಾಗಿ ಹೇರಿಕೊಂಡು, ತರೀಕೆರೆ ದಾಟಿ, ಲಿಂಗದಹಳ್ಳಿ ಮೇಲೆ ಕೆಮ್ಮಣ್ಣುಗುಂಡಿಯ ಘಾಟಿ ಹತ್ತಿದೆವು. ಯಜಮಾನರು ಮುಂದಿನ ಸೀಟಿನಲ್ಲಿ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ ಕೂತಿದ್ದರು. ಐದನೆಯ ತಿರುವಿನಲ್ಲಿ ಕಾರು ಕುದಿಯಿತು. ಆ ಹಬೆ ನೋಡಿ ನಾನು ಸ್ಟಿಯರಿಂಗಿಗೆ ತಲೆ ಕೊಟ್ಟು ಅತ್ತುಬಿಟ್ಟೆ. ಅವರು ಸಮಾಧಾನ ಹೇಳಲಿಲ್ಲ. ಕೆಳಗಿಳಿದು, ಕಾರು ಆರುವ ತನಕ ಒಂದು ಕಲ್ಲಿನ ಮೇಲೆ ಕೂತರು. ಆಮೇಲೆ ನೀರು ಹಾಕಿಸಿ, ಇಂಜಿನ್ ಶುರು ಮಾಡಿಸಿ, ಒಂದು ಬೀಡಿ ಹಚ್ಚಿ ಹೊಗೆಯನ್ನು ಮೂತಿಯ ಮುಂದೆ ಬಿಟ್ಟರು. ಹೊಗೆ ಜಾಲರಿಯೊಳಗೆ ನುಗ್ಗುವ ಬದಲು ಪಕ್ಕದ ಸಂದಿನಲ್ಲಿ ನುಸುಳಿ ಹೋಯಿತು.

"ನೋಡ್ಲಾ ಕಳ್ಳನ್ನ! ಬಾಗಿಲಿದ್ರೂ ಹಿತ್ಲಾಗೆ ಹೋಯ್ತಾವ್ನೆ" ಎಂದು ನಕ್ಕರು. "ನೀರಿಗೆ ದಾರಿ ಮಾಡ್ದೆ, ಗಾಳಿಗೆ ಮಾಡ್ಲಿಲ್ಲ. ಎರಡಕ್ಕೂ ದಾರಿ ಸರಿ ಇದ್ರೆ ಮಿಕ್ಕಿದ್ದು ಅವೇ ನೋಡ್ಕತಾವೆ ಕಣಪ್ಪಾ."

ಕಡೂರಿಗೆ ಮರಳಿ, ಎಣ್ಣೆ ಡಬ್ಬಗಳನ್ನು ಸೀಳಿ ಸುತ್ತಲಿನ ಸಂದಿಗಳಿಗೆಲ್ಲ ತಗಡು ಹೊಡೆದರು. ಎರಡನೆಯ ಸಲ ಘಾಟಿ ಹತ್ತಿದಾಗ ಕಾರು ನಿಲ್ಲದೆ ತುದಿ ಮುಟ್ಟಿತು. ಅವರು ಬಾನೆಟ್ ಎತ್ತಿ ರೇಡಿಯೇಟರಿನ ತಲೆಯ ಮೇಲೆ ಅಂಗೈ ಇಟ್ಟು, ಮಗುವಿಗೆ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿದರು. "ಕೈ ತಡೀತದೆ. ಆರೋಗ್ಯವಾಗೈತೆ" ಎಂದರು.

ಅದೇ ದಿನಗಳಲ್ಲಿ ಅವರು ಇನ್ನೊಂದು ಕೆಲಸ ಹಚ್ಚಿಕೊಂಡರು. ಬಸ್ಸು ಹಿಡಿದು ಬೀರೂರು, ತರೀಕೆರೆ, ಯಗಟಿ ಹೀಗೆ ಊರೂರಿಗೆ ಹೋಗಿ, ಗಾಡಿಗಳು ನಿಲ್ಲುವ ಜಾಗದಲ್ಲಿ ಡ್ರೈವರುಗಳನ್ನು ಕರೆದು ಹೇಳುತ್ತಿದ್ದರು: "ಅರಿಶಿನ ಹಾಕಬ್ಯಾಡ್ರಪ್ಪಾ. ನಾನು ಹೇಳಿದ್ದು ತಪ್ಪು. ಹಾಕಿರೋರು ಗಾಡಿ ತನ್ನಿ, ಪುಕ್ಕಟೆ ತೊಳ್ಕೊಡ್ತೀನಿ." ತರೀಕೆರೆಯಲ್ಲಿ ನನ್ನೆದುರೇ ಒಬ್ಬ, "ಯಜಮಾನ್ರಿಗೆ ಅರಳುಮರಳು" ಎಂದು ನಕ್ಕ. ಅವರು ಅವನ ಕಡೆಗೂ ಕೈ ಮುಗಿದರು. ನನಗೆ ಅಯ್ಯೋ ಅನ್ನಿಸಿತು. ತಪ್ಪು ಮಾಡಿದ ಮುದುಕ ತಪ್ಪು ತೊಳೆದುಕೊಳ್ಳುತ್ತಿದ್ದಾನೆ, ಪಾಪ, ಎಂದುಕೊಂಡೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೆಂಡತಿಗೆ ನೋವು ಬಂತು. ಕಾರಿನ ಬಾಗಿಲು ಹಿಡಿದು ಕ್ಷಣ ನಿಂತಳು. ಆಮೇಲೆ ಅವಳವ್ವನ ಕೈ ಹಿಡಿದು ಹತ್ತಿದಳು. ಆ ಬಾವಿಯ ಹತ್ತಿರ ಬಂದಾಗ ನಾನು ಆಕ್ಸಿಲರೇಟರ್ ಒತ್ತಿದೆ. ಹಿಂದಿನಿಂದ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ದಾಟ್ತಾ?"

"ದಾಟ್ತು ಕಣೇ."

ತರೀಕೆರೆ ದಾಟಿತು, ಭದ್ರಾವತಿ ದಾಟಿತು. ಶಿವಮೊಗ್ಗದಲ್ಲಿ ಸಂಜೆ ನನ್ನ ಮಗಳು ಹುಟ್ಟಿದಳು; ಹುಟ್ಟಿದ ಕೂಡಲೇ ಇಡೀ ವಾರ್ಡಿಗೆ ಕೇಳುವ ಹಾಗೆ ಅತ್ತಳು.

ಹತ್ತು ದಿನದ ಮೇಲೆ ಬೆಲ್ಲ, ಕೊಬ್ಬರಿ ತೆಗೆದುಕೊಂಡು ಕಡೂರಿಗೆ ಹೋದೆ. ಅವರು ಕೇಳಿದ್ದು ಒಂದೇ: "ದಾರೀಲಿ ನೀರು ಹಾಕಿದ್ಯಾ?" ಇಲ್ಲ ಎಂದೆ. ತಲೆಯಾಡಿಸಿದರು. ಬೆಲ್ಲ ಕೊಬ್ಬರಿಯನ್ನು ಪಕ್ಕಕ್ಕಿಟ್ಟು ಮೆಲ್ಲಗೆ, "ಮೊದಲನೇದು ಏನು ಮಗು ಅಂತ ನಾನು ಕೇಳ್ಲೇ ಇಲ್ಲ" ಎಂದರು. ಗಂಡು ಎಂದೆ. ಅವತ್ತಿನವರೆಗೆ ನನ್ನ ಬಂಧುಬಳಗದಲ್ಲೇ ಯಾರೂ ಅದನ್ನು ಕೇಳಿರಲಿಲ್ಲ.

ಆಮೇಲೆ ಆರೇಳು ವರ್ಷ ಬದುಕಿದ್ದರು. ಹೋದಾಗಲೆಲ್ಲ ಮಗಳ ಕ್ಷೇಮ ವಿಚಾರಿಸುವರು, ಕಾರಿನ ತಲೆ ಮುಟ್ಟಿ ನೋಡುವರು. ನನಗೆ ಅವರ ಮೇಲೆ ಪ್ರೀತಿ ಇತ್ತು. ಅದರ ಜೊತೆಗೇ ಒಂದು ಸಣ್ಣ ಜಂಬವೂ ಇತ್ತು ಎಂದು ಒಪ್ಪಿಕೊಳ್ಳಬೇಕು: ಇಂಥ ತಪ್ಪು ಮಾಡಿದವರನ್ನೂ ನಾನು ಕ್ಷಮಿಸಿದ್ದೇನಲ್ಲ ಎಂಬ ಜಂಬ.

ಅವರು ತೀರಿಕೊಂಡ ದಿನ ಮಾವನ ಜೊತೆ ಮಣ್ಣಿಗೆ ಹೋಗಿದ್ದೆ. ಮರಳಿ ಬರುವಾಗ ದಾರಿಯಲ್ಲಿ ಆ ಮಾತು ಎತ್ತಿದೆ. "ಪಾಪ, ಅರಿಶಿನದ ವಿಷಯದಲ್ಲಿ ಅದೊಂದು ತಪ್ಪು ಮಾಡ್ಬಿಟ್ರು."

ಮಾವ ನಡೆಯುತ್ತಿದ್ದವನು ನಿಂತ. "ಅವರೆಲ್ಲಿ ತಪ್ಪು ಮಾಡಿದ್ರೋ? ಅವರು ನಂಗೆ ಹೇಳಿದ್ದು ಇಷ್ಟೇ: ನಡುದಾರೀಲಿ ಸೋರಿದ್ರೆ ಒಂದು ಚಿಟಿಕೆ ಹಾಕಿ ಹತ್ತಿರದ ಊರು ಮುಟ್ಟು, ಮುಟ್ಟಿದ ತಕ್ಷಣ ಬಿಚ್ಚಿ ತೊಳ್ಸು, ಎರಡನೇ ಸಲ ಹಾಕಬ್ಯಾಡ. ಅದನ್ನೇ ನಾನು ನಿಂಗೆ ಹೇಳಿದ್ದೆ. ಹೂಂ ಅಂದಿದ್ದೆ ನೀನು."

ಹೇಳಿದ್ದ. ನನಗೆ ನೆನಪಾಯಿತು. ತೊಳೆಸಲು ಒಂದು ದಿನ ಕಾರು ನಿಲ್ಲಿಸಬೇಕಲ್ಲ, ಒಂದು ದಿನದ ಬಾಡಿಗೆ ಹೋಗುತ್ತದಲ್ಲ, ಇನ್ನೊಂದು ಚಿಟಿಕೆ ಹಾಕಿದರಾಯಿತು ಎಂದುಕೊಂಡದ್ದೂ ನೆನಪಾಯಿತು.

"ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ದೆ ಮಾವಾ?"

"ಯಜಮಾನ್ರೇ ಬೀರೂರಿಗೆ ಬಂದಿದ್ರು. ನನ್ ಕೈ ಹಿಡ್ಕಂಡು, ಹುಡುಗ ಹೆಂಡ್ತೀನ ಕರ್ಕಂಡು ಗಾಡಿ ಬಿಡ್ಬೇಕು, ಅವನ ಹತ್ರ ಈ ಮಾತು ಎತ್ಬ್ಯಾಡ ಅಂದ್ರು."

ಊರೂರು ತಿರುಗಿ, ನಗೆಗೀಡಾಗಿ, ಕೈ ಮುಗಿದು ಅವರು ತೊಳೆದದ್ದು ನನ್ನ ತಪ್ಪನ್ನು. ಅವತ್ತು ಶೆಡ್ಡಿನಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ನಾನು ಮತ್ತೆ ಸ್ಟಿಯರಿಂಗ್ ಮುಟ್ಟುತ್ತಿರಲಿಲ್ಲ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆ ಬಾವಿಯನ್ನು ದಾಟುತ್ತಲೂ ಇರಲಿಲ್ಲ.