ಸತ್ಯವೇದಕ್ಕೂ ಪರ್ಮಿಶನ್ ಬೇಕೇನ್ರಿ?

“ದೇವರ ಮಾತಿಗೆ ಎಂಥಾ ಕಾಪಿರೈಟ್ ಶೈಲವ್ವಾ? ಸ್ಕ್ಯಾನ್ ಮಾಡಿ ಹಾಕಿಬಿಡು, ಆತು!”

ಹೀಗೆಂದು ಅಪ್ಪಣೆ ಕೊಟ್ಟವನು ನಾನೇ. ಎದುರಿಗಿದ್ದವಳು ನನ್ನ ಅಣ್ಣನ ಮಗಳು ಶೈಲಾ. ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ, ಉಳಿದ ಹೊತ್ತಿನಲ್ಲಿ ಫ್ರೀ ಸಾಫ್ಟ್‌ವೇರ್ ಬರೆಯುತ್ತಾಳೆ. (ಬರೀ ಪುಕ್ಕಟೆ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಇದನ್ನು ನನಗೆ ಹೇಳಿ ಹೇಳಿ ಅವಳು ಸುಸ್ತಾಗಿದ್ದಾಳೆ.) ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಆ್ಯಪ್ ಅವಳದು.

ವಿಷಯ ಸುಶೀಲಮ್ಮನವರದು. ಬೆಟಗೇರಿಯಲ್ಲಿ ನಮ್ಮ ಓಣಿಯಲ್ಲೇ ಇರುವ ನಿವೃತ್ತ ನರ್ಸ್. ನಾನು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅವರೇ. ಅಂದಿನಿಂದ ನನ್ನನ್ನು ಗದರಿಸುವ ಅಧಿಕಾರ ಅವರಿಗಿದೆ. ಚರ್ಚಿನಲ್ಲಿ ಭಾನುವಾರ ಸತ್ಯವೇದದ, ಅಂದರೆ ಬೈಬಲಿನ, ಪಾಠವನ್ನು ಸುಶೀಲಮ್ಮನೇ ಓದಬೇಕು ಎಂಬಂತಿತ್ತು. ಕಣ್ಣು ಪೂರ್ತಿ ಮಂಜಾದ ಮೇಲೆ ಹಿಂದಿನ ಬೆಂಚಿಗೆ ಸರಿದರು. ಆಮೇಲೆ ಹೋಗುವುದನ್ನೇ ಕಡಿಮೆ ಮಾಡಿದರು. ಕೇಳಿದರೆ, “ಸುಮ್ಮನ ಕುಂಡ್ರಾಕ ಏನ್ ಹೋಗೂದಪಾ?” ಎನ್ನುತ್ತಿದ್ದರು.

ಕಿವಿಯಿಂದ ಕೇಳಿ, ಬಾಯಿಪಾಠ ಮಾಡಿ, ಮತ್ತೆ ನಿಂತು ಹೇಳಿದರೆ? ಶೈಲಾ ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟಳು. ಅದರಲ್ಲಿದ್ದದ್ದು ಸತ್ಯವೇದದ, ಹಕ್ಕಿನ ಅವಧಿ ಮುಗಿದುಹೋದ ಒಂದು ಹಳೆಯ ಅನುವಾದ. ಸುಶೀಲಮ್ಮ ತುಸು ಕೇಳಿ ಫೋನ್ ಕೆಳಗಿಟ್ಟರು.

“ಛಲೋ ಐತವಾ. ಆದ್ರ ನಮ್ಮ ಚರ್ಚಿನ ಮಂದಿ ಪುಸ್ತಕದಾಗ ಬಟ್ಟು ಇಟ್ಕೊಂಡು ಸಾಲಿಗೆ ಸಾಲು ನೋಡ್ತಿರ್ತಾರ. ನಾ ಒಂದು ಹೇಳಿ, ಅವರದಾಗ ಒಂದು ಇದ್ರ? ಮುದುಕಿಗೆ ಮರವು ಬಂತು ಅಂತಾರ.”

ಚರ್ಚಿನವರ ಕೈಯಲ್ಲಿದ್ದದ್ದು ಹೊಸ ಅನುವಾದ. ಅದರ ಹಕ್ಕು ಪ್ರಕಾಶಕರದು. ಆಗಲೇ ನಾನು ಮೇಲಿನ ಅಪ್ಪಣೆ ಕೊಟ್ಟಿದ್ದು.

ಶೈಲಾ ಕನ್ನಡಕದ ಮೇಲಿಂದ ನೋಡಿದಳು. “ಕಾಕಾ, ನಿಮ್ಮ ಅಂಕಣಾನ ಯಾರೋ ತಮ್ಮ ಹೆಸರು ಹಾಕಿ ವಾಟ್ಸಾಪಿನಾಗ ಬಿಟ್ಟಿದ್ರಲ್ಲ, ಮನಿ ತುಂಬ ಕುಣದಾಡಿದ್ರಿ. ಅವರೂ ಹಿಂಗ ಅಂದಿರಬೇಕು, ಬರದದ್ದಕ್ಕ ಎಂಥಾ ಹಕ್ಕು ಅಂತ.”

(ಒಳಗಿನಿಂದ ನನ್ನ ಹೆಂಡತಿ ನಕ್ಕಿದ್ದು ಕೇಳಿಸಿತು. ಇವಳು ಯಾರ ಕಡೆ?)

ದೇವರು ಹೇಳಿದ್ದಿರಬಹುದು. ಆದರೆ ಅದನ್ನು ನಮ್ಮ ಕನ್ನಡಕ್ಕೆ ತರಲು ಯಾರೋ ವರ್ಷಗಟ್ಟಲೆ ಕುಳಿತಿದ್ದಾರೆ, ಒಂದೊಂದು ಶಬ್ದಕ್ಕೂ ತಲೆ ಕೆಡಿಸಿಕೊಂಡಿದ್ದಾರೆ. ಕೇಳದೆ ಎತ್ತಿಕೊಂಡರೆ ಅದಕ್ಕೆ ಏನನ್ನಬೇಕು?

ಶೈಲಾ ಸುಶೀಲಮ್ಮನ ಕಥೆಯನ್ನೆಲ್ಲ ಬರೆದು ಪ್ರಕಾಶಕರಿಗೆ ಇಮೇಲ್ ಕಳಿಸಿದಳು. ಬಹಳ ದಿನ ಸುದ್ದಿಯೇ ಇಲ್ಲ. ಕೊನೆಗೊಮ್ಮೆ ಫೋನ್ ಬಂತು. ಅಲ್ಲಿಯ ಅಧಿಕಾರಿ ಹೆಣ್ಣುಮಗಳು ಸಮಾಧಾನದಿಂದಲೇ ಕೇಳಿದರು: “ನಿಮ್ಮ ಸಾಫ್ಟ್‌ವೇರನ್ನ ಯಾರು ಬೇಕಾದ್ರೂ ತಿದ್ದಬಹುದು ಅಂತೀರಿ. ನಮ್ಮ ಅನುವಾದವನ್ನೂ ತಿದ್ದಿ, ನಮ್ಮ ಹೆಸರಲ್ಲೇ ಮಾರಿದ್ರೆ?”

ನ್ಯಾಯವಾದ ಭಯವೇ. ಶೈಲಾ ಹೇಳಿದಳು: “ಮೇಡಂ, ನಮ್ಮ ಕಡೆ ಮದುವಿಗೆ ಅಡಿಗಿ ಮಾಡೋ ದೊಡ್ಡ ದೊಡ್ಡ ಭಾಂಡೆ ಓಣಿಯವರ ಮನಿಯಿಂದ ತರ್ತೀವ್ರಿ. ಅದರ ಮ್ಯಾಲೆ ಅವರ ಹೆಸರು ಕೊರದಿರ್ತೈತಿ. ಒಲಿ ನಮ್ದು, ಹೆಂಗ ಬೇಕಾದ್ರೂ ಕಟ್ಕೋತೀವಿ. ಭಾಂಡೆಕ್ಕ ಮಾತ್ರ ಸುತ್ತಿಗಿ ಮುಟ್ಟಸಂಗಿಲ್ರಿ. ನನ್ನ ಪ್ರೋಗ್ರಾಂ ಒಲಿ ಇದ್ಹಂಗ. ನಿಮ್ಮ ಅನುವಾದ ಬ್ಯಾರೆ ಫೈಲಿನಾಗ ಇರ್ತೈತಿ, ಅದಕ್ಕ ನಿಮ್ಮ ಷರತ್ತು.”

ಆಚೆ ಕಡೆಯಿಂದ ನಗು ಕೇಳಿಸಿತು. ಕೆಲವು ದಿನಕ್ಕೆ ಅನುಮತಿಯೂ ಬಂತು. ಯಾರು ಬೇಕಾದರೂ ಉಚಿತವಾಗಿ ಕೇಳಬಹುದು. ಒಂದಕ್ಷರ ತಿದ್ದುವಂತಿಲ್ಲ, ಮಾರುವಂತಿಲ್ಲ. ಪ್ರತಿ ಅಧ್ಯಾಯದ ಕೊನೆಗೆ ಹಕ್ಕುದಾರರ ಹೆಸರು ಓದಿ ಹೇಳಬೇಕು. ಅಷ್ಟೇ! ಮುಖ ನೋಡದ, ಊರು ಗೊತ್ತಿಲ್ಲದ ಒಬ್ಬ ಮುದುಕಿಗಾಗಿ ಅವರು ಇಷ್ಟು ಮಾಡಿದ್ದರು. ಸುಶೀಲಮ್ಮನಿಗಿಂತ ಮೊದಲು ನನ್ನ ಕಣ್ಣೇ ಒದ್ದೆಯಾಯಿತು.

ಮೊನ್ನೆ ಭಾನುವಾರ ಅವರು ಎದ್ದು ನಿಂತರು. ನಾನೂ ಶೈಲಾಳೂ ಹಿಂದಿನ ಬೆಂಚಿನಲ್ಲಿದ್ದೆವು. ಸೆರಗು ಸರಿಮಾಡಿಕೊಂಡು, ಬರಿಗೈಯಲ್ಲೇ ಶುರು ಮಾಡಿದರು. ಎಲ್ಲರ ಬೆರಳುಗಳೂ ಪುಸ್ತಕದ ಸಾಲುಗಳ ಮೇಲೆ ಸರಿಯುತ್ತಿದ್ದವು, ಎಲ್ಲೂ ತಡೆಯಲಿಲ್ಲ. ಪಾಠ ಮುಗಿಯಿತು. ನಾನು ಉಸಿರು ಬಿಟ್ಟೆ.

ಸುಶೀಲಮ್ಮ ಮಾತ್ರ ಕೂರಲಿಲ್ಲ. ಅದೇ ಧ್ವನಿ, ಅದೇ ಭಕ್ತಿ. ಈ ಅನುವಾದದ ಹಕ್ಕು ಇಂಥವರದು, ಅವರ ಅನುಮತಿಯಿಂದ ಬಳಸಲಾಗಿದೆ, ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ ಎಂದು ಪ್ರಕಾಶಕರ ಪೂರ್ತಿ ಹೆಸರು ಸಮೇತ ಹೇಳಿ ಮುಗಿಸಿದರು.

ಸಭೆ ಪಿಳಿಪಿಳಿ ಕಣ್ಣು ಬಿಟ್ಟಿತು. ಆಮೇಲೆ ರೂಢಿಯಂತೆ “ಆಮೆನ್” ಎಂದಿತು.

ಹೊರಗೆ ಬಂದ ಮೇಲೆ ಶೈಲಾ ನಗು ತಡೆಯಲಾರದೆ, “ಅಜ್ಜಿ, ಅದು ಪಾಠದಾಗ ಬರಂಗಿಲ್ರಿ” ಎಂದಳು.

“ಅಷ್ಟ ಗೊತ್ತಾಗಂಗಿಲ್ಲೇನ್ ನನಗ?” ಎಂದರು ಸುಶೀಲಮ್ಮ. “ಕಣ್ಣು ಇದ್ದಾಗ ಇಷ್ಟು ವರ್ಷ ಓದಿನಿ, ಒಮ್ಮೆರ ಅವರ ಹೆಸರು ಹೇಳಿರಲಿಲ್ಲ. ನನ್ನ ಪಾಠ ನನಗ ತಿರುಗಿ ಕೊಟ್ಟಾರ. ಇವತ್ತರ ಹೇಳಬ್ಯಾಡೇನು?”

ನಮ್ಮ ಕಪಾಟಿನಲ್ಲೂ ಬೇಕಾದಷ್ಟು ಪುಸ್ತಕಗಳಿವೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕುದಾರರ ಹೆಸರಿರುವ ಆ ಸಣ್ಣಕ್ಷರದ ಪುಟವನ್ನು ನಾವು ಕಣ್ಣಿದ್ದವರು ಎಂದಾದರೂ ಓದಿದ್ದೇವೆಯೇ?